ಎರಡು ನುಡಿಯ ಸೀಮೆ: ಸೊಲ್ಲಾಪುರದ ಕವಿಗಳ ಎಂಟು ಶತಮಾನ

ಸೊಲ್ಲಾಪುರ ಸೀಮೆಯ ಕಾವ್ಯ ಕನ್ನಡದ್ದೂ ಹೌದು, ಮರಾಠಿಯದೂ ಹೌದು. 12ನೆಯ ಶತಮಾನದ ಸಿದ್ಧರಾಮನಿಂದ 20ನೆಯ ಶತಮಾನದ ಜಯದೇವಿತಾಯಿ ಲಿಗಾಡೆಯವರವರೆಗೆ ಇಲ್ಲಿ ಬಾಳಿದ ಕವಿಗಳ ಕಿವಿಯಲ್ಲಿ ಎರಡು ನುಡಿಗಳೂ ಇದ್ದವು. ನಾವು ಯಾರು, ಯಾವ ನಾಡಿನವರು, ಹೆಣ್ಣಿನ ಮೈಮೇಲೆ ಯಾರಿಗೆ ಹಕ್ಕು, ಊರು ಬಿಟ್ಟು ನಡೆದವರಿಗೆ ಯಾವುದು ಆಸರೆ ಎಂಬ ಪ್ರಶ್ನೆಗಳು ಈ ಕಾವ್ಯದಲ್ಲಿ ಮತ್ತೆ ಮತ್ತೆ ಏಳುತ್ತವೆ. ರಾಜ್ಯಗಳ ಗಡಿ ಇಲ್ಲಿ ಹಲವು ಸಲ ಬದಲಾಗಿದೆ. ಈ ಪ್ರಶ್ನೆಗಳು ಗಡಿಗಿಂತ ಹಳೆಯವು.

ನೆಲ ಮತ್ತು ನುಡಿ

ಇಂದಿನ ಸೊಲ್ಲಾಪುರ ಜಿಲ್ಲೆ ಮಹಾರಾಷ್ಟ್ರದ ದಕ್ಷಿಣದ ಅಂಚಿನಲ್ಲಿದೆ. ಭೀಮಾ ನದಿ ಪಂಢರಪುರ, ಮಂಗಳವೇಢೆಗಳ ಬದಿಯಲ್ಲಿ ಹಾದು, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು ಕರ್ನಾಟಕದ ಕಡೆಗೆ ಹರಿಯುತ್ತದೆ. ಅಕ್ಕಲಕೋಟೆ ತಾಲ್ಲೂಕು ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳಿಗೆ ತಾಗಿದೆ. ಮೈಂದರ್ಗಿ, ದುಧನಿ, ನಾಗಣಸೂರದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಪಶ್ಚಿಮಕ್ಕೆ ಮಂಗಳವೇಢೆ ತಾಲ್ಲೂಕಿದೆ. ನಂದೇಶ್ವರ ಎಂಬ ಹಳ್ಳಿ ಇರುವ ಆ ತಾಲ್ಲೂಕಿನಲ್ಲಿ ಮರಾಠಿಯ ಬಳಕೆ ಹೆಚ್ಚು, ಆದರೆ ಅದರ ದಕ್ಷಿಣದ ಮೇರೆ ದಾಟಿದರೆ ವಿಜಯಪುರ ಜಿಲ್ಲೆಯ ಕನ್ನಡದ ಹಳ್ಳಿಗಳು. ಸೊಲ್ಲಾಪುರ ಪಟ್ಟಣದಲ್ಲಿ ಇವೆರಡರ ಜೊತೆಗೆ ನೇಕಾರರ ತೆಲುಗು ಇದೆ, ಮುಸ್ಲಿಮರ ದಖನಿ ಇದೆ.

ಈ ಬೆರಕೆ ಇತ್ತೀಚಿನದಲ್ಲ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಲಚುರಿಗಳು ಆಳಿದ ಕಾಲದಲ್ಲಿ ಈ ಸೀಮೆಯ ಆಡಳಿತದಲ್ಲಿ ಕನ್ನಡಕ್ಕೆ ದೊಡ್ಡ ಸ್ಥಾನವಿತ್ತು. ದೇವಗಿರಿಯ ಯಾದವರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಶಾಸನ ಬರೆಸಿದರು. ಮರಾಠಿಯ ಅತ್ಯಂತ ಹಳೆಯ ಕಾಲನಿರ್ದಿಷ್ಟ ಶಾಸನಗಳಲ್ಲಿ ಒಂದು ಹತ್ತರಸಂಗ ಕೂಡಲದ ಸಂಗಮೇಶ್ವರ ಗುಡಿಯಲ್ಲಿದೆ. ಅದರ ಕಾಲ ಶಕವರ್ಷ 940, ಅಂದರೆ ಕ್ರಿ.ಶ. 1018. ಕನ್ನಡ ಮಾತಾಡುವ ಹಳ್ಳಿಗಳ ನಡುವೆ ನಿಂತ ಗುಡಿಯೇ ಮರಾಠಿ ಬರಹದ ಮೊದಲ ಕುರುಹುಗಳಲ್ಲಿ ಒಂದನ್ನು ಕಾಯ್ದುಕೊಂಡು ಬಂದಿದೆ.

ಮುಂದೆ ಬಹಮನಿಗಳು ಬಂದರು. ಅವರ ರಾಜ್ಯ ಒಡೆದ ಮೇಲೆ ವಿಜಯಪುರದ ಆದಿಲಶಾಹಿಗೂ ಅಹಮದನಗರದ ನಿಜಾಮಶಾಹಿಗೂ ಸೊಲ್ಲಾಪುರ ಬಹುಕಾಲದ ಜಗಳದ ವಸ್ತುವಾಯಿತು. ಎರಡು ಮನೆತನಗಳ ಮದುವೆಯ ಮಾತುಕತೆಯಲ್ಲಿ ಈ ಕೋಟೆಯೂ ಸೇರುತ್ತಿತ್ತು. 1565ರ ತಾಳಿಕೋಟೆಯ ಕಾಳಗಕ್ಕೆ ಮುನ್ನ ಅಹಮದನಗರದ ಚಾಂದಬೀಬಿ ವಿಜಯಪುರದ ಅಲಿ ಆದಿಲಶಹನನ್ನು ಮದುವೆಯಾದಾಗ ಸೊಲ್ಲಾಪುರ ಬಳುವಳಿಯಾಗಿ ಕೈಬದಲಾಯಿಸಿತು. ಮಗಳನ್ನು ಕೊಟ್ಟಂತೆ ಊರನ್ನೂ ಕೊಟ್ಟರು. ಇಬ್ಬರ ಒಪ್ಪಿಗೆಯನ್ನೂ ಯಾರೂ ಕೇಳಿದಂತಿಲ್ಲ. ಮೊಗಲರು, ಪೇಶ್ವೆಗಳು ಆಳಿದ ಮೇಲೆ 1818ರಲ್ಲಿ ಸೊಲ್ಲಾಪುರ ಬ್ರಿಟಿಷರ ಕೈಸೇರಿತು. ಅಕ್ಕಲಕೋಟೆ ಮಾತ್ರ ಭೋಸಲೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಉಳಿಯಿತು. ಮರಾಠಿ ಅರಮನೆಯ ಆ ಸಂಸ್ಥಾನದಲ್ಲಿ ಕನ್ನಡದ ಪ್ರಜೆಗಳು ಬಹಳ ಇದ್ದರು.

ಸೊನ್ನಲಿಗೆಯ ಸಿದ್ಧರಾಮ

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೆಯ ಶತಮಾನದಲ್ಲಿ ಇಲ್ಲಿನ ಮುದ್ದುಗೌಡ, ಸುಗ್ಗವ್ವೆ ದಂಪತಿಗಳ ಮಗ ಸಿದ್ಧರಾಮ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಸಾಲಿನ ದೊಡ್ಡ ವಚನಕಾರನಾದ. ದನ ಕಾಯುತ್ತಿದ್ದ ಹುಡುಗನ ಮುಂದೆ ಮಲ್ಲಯ್ಯನೆಂಬ ಜಂಗಮನೊಬ್ಬ ಬಂದು ಉಣ್ಣಲು ಬೇಡಿ, ಅವನು ಬುತ್ತಿ ತರುವಷ್ಟರಲ್ಲಿ ಕಾಣೆಯಾದನೆಂದೂ, ಆ ಮಲ್ಲಯ್ಯನನ್ನು ಹುಡುಕುತ್ತ ಹುಡುಗ ಶ್ರೀಶೈಲದವರೆಗೆ ನಡೆದನೆಂದೂ ಕಥೆ. ಶ್ರೀಶೈಲದಿಂದ ಮರಳಿ ಬಂದವನು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ, ಲಿಂಗಗಳನ್ನು ಸ್ಥಾಪಿಸಿದ. ಕೋಟೆಯ ಪಕ್ಕದ ಆ ಕೆರೆಯೂ ಅದರ ನಡುವಿನ ಸಿದ್ಧೇಶ್ವರ ಗುಡಿಯೂ ಇಂದಿಗೂ ಪಟ್ಟಣದ ಹೃದಯಸ್ಥಾನದಲ್ಲಿವೆ. ಅಲ್ಲಮನ ಜೊತೆ ಕಲ್ಯಾಣಕ್ಕೆ ಹೋಗಿ ಶರಣರ ಗೋಷ್ಠಿಯಲ್ಲಿ ಕೂತದ್ದು, ಮುಂದೆ ಶರಣರ ಶೂನ್ಯಪೀಠವನ್ನು ಏರಿದ್ದು ಶೂನ್ಯಸಂಪಾದನೆ ಎಂಬ ಗ್ರಂಥದ ನಿರೂಪಣೆ. ಆತನ ಅಂಕಿತ ಕಪಿಲಸಿದ್ಧಮಲ್ಲಿಕಾರ್ಜುನ. ಆತನ ಬಾಳನ್ನು ರಾಘವಾಂಕ ಷಟ್ಪದಿಯಲ್ಲಿ ಕಾವ್ಯವಾಗಿಸಿದ.

ಹೆಣ್ಣನ್ನು ಕುರಿತ ಸಿದ್ಧರಾಮನ ನಿಲುವು ಅವನ ಕಾಲಕ್ಕೆ ಬಹಳ ಮುಂದಿನದು. ಹೆಣ್ಣನ್ನು ಮಾಯೆಯೆಂದೂ ರಕ್ಕಸಿಯೆಂದೂ ಜರೆಯುವ ವೈರಾಗ್ಯದ ಮಾತುಗಳನ್ನು ತಳ್ಳಿಹಾಕಿ, ಅವಳಲ್ಲಿ ತನ್ನ ಇಷ್ಟದೈವವನ್ನೇ ಕಂಡ ವಚನ ಅವನ ಹೆಸರಿನಲ್ಲಿದೆ. ಸಂಸಾರ ಬಿಟ್ಟ ಯೋಗಿಯ ಬಾಯಲ್ಲಿ ಈ ಮಾತು ಬಂದದ್ದು ಗಮನಾರ್ಹ.

ಸೊಲ್ಲಾಪುರದ ಗಡ್ಡಾ ಜಾತ್ರೆ ಇದೇ ನೆಲೆಯ ಇನ್ನೊಂದು ನೆನಪನ್ನು ಪ್ರತಿ ಸಂಕ್ರಾಂತಿಗೆ ಮರಳಿ ತರುತ್ತದೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗುವೆನೆಂದು ಹಟ ಹಿಡಿದಳು. ಬ್ರಹ್ಮಚಾರಿಯಾದ ಆತ ಅವಳ ಆಸೆಯನ್ನು ತಿರಸ್ಕರಿಸಲಿಲ್ಲ, ತನ್ನ ಯೋಗದಂಡದೊಂದಿಗೆ ಅವಳ ಮದುವೆಗೆ ಒಪ್ಪಿದ. ಜಾತ್ರೆಯಲ್ಲಿ ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದ ಬಿಳಿಯುಡುಗೆಯ ಗಂಡಾಳುಗಳು ಎತ್ತರದ ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಧ್ವಜಗಳು ಒಟ್ಟು ಏಳು. ಮೊದಲ ದಿನ ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಯ ಅಭಿಷೇಕ, ಮರುದಿನ ಕೆರೆಯ ದಂಡೆಯ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ, ಆಮೇಲೆ ಹೋಮ, ಕೊನೆಗೆ ಮದ್ದು ಸುಡುವುದು. ಅಕ್ಷತೆ ಬೀಳುವ ಹೊತ್ತಿಗೆ ಕನ್ನಡ, ಮರಾಠಿ, ತೆಲುಗು ಆಡುವವರೆಲ್ಲ ಒಂದೇ ಅಂಗಳದಲ್ಲಿ ನೆರೆದಿರುತ್ತಾರೆ. ಹೆಣ್ಣೊಬ್ಬಳ ಬಯಕೆಯನ್ನು ಊರೇ ಮುಂದೆ ನಿಂತು ಗೌರವಿಸುವ ಹಬ್ಬ ಇದು. ಕುಂಬಾರ ಕನ್ಯೆಗೆ ಹೆಸರಿಲ್ಲ, ಆದರೆ ಅವಳ ಮದುವೆಯಿಲ್ಲದೆ ಜಾತ್ರೆಯೇ ಇಲ್ಲ.

ಮಂಗಳವೇಢೆ: ಗೋಡೆಯ ಕೆಳಗಿನ ದನಿಗಳು

ಸೊಲ್ಲಾಪುರದ ಪಶ್ಚಿಮಕ್ಕಿರುವ ಮಂಗಳವೇಢೆ ಕಲಚುರಿಗಳ ಹಳೆಯ ನೆಲೆ. ಕಲ್ಯಾಣವನ್ನು ಹಿಡಿಯುವ ಮೊದಲು ಬಿಜ್ಜಳ ಇಲ್ಲಿಂದ ಆಳಿದ. ಬಸವಣ್ಣ ಕರಣಿಕನಾಗಿ ಕೆಲಸ ಆರಂಭಿಸಿದ್ದು ಇಲ್ಲಿಯೇ ಎಂಬುದು ಶರಣ ಪರಂಪರೆಯ ನಂಬಿಕೆ. ಎರಡು ಶತಮಾನ ಕಳೆಯುವಷ್ಟರಲ್ಲಿ ಅದೇ ಊರು ಅಭಂಗಗಳೆಂಬ ಮರಾಠಿ ಭಕ್ತಿಹಾಡುಗಳ ತವರಾಯಿತು.

ಮಹಾರ ಜಾತಿಯ ಚೋಖಾಮೇಳ ಮಂಗಳವೇಢೆಯಲ್ಲಿ ಬಾಳಿದ. ವಿಠ್ಠಲನ ಭಕ್ತನಾದರೂ ಪಂಢರಪುರದ ಗುಡಿಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. 1338ರಲ್ಲಿ ಮಂಗಳವೇಢೆಯ ಗೋಡೆ ಕಟ್ಟುವ ಕೆಲಸಕ್ಕೆ ಹಿಡಿದ ಜನರಲ್ಲಿ ಅವನೂ ಇದ್ದ. ಗೋಡೆ ಕುಸಿದು ಸತ್ತ. ಸಂತಕವಿ ನಾಮದೇವ ಅವನ ಎಲುಬುಗಳನ್ನು ತಂದು ಪಂಢರಪುರದ ಮಹಾದ್ವಾರದ ಎದುರು ಸಮಾಧಿ ಮಾಡಿದನೆಂಬುದು ಪಂಢರಪುರಕ್ಕೆ ಯಾತ್ರೆ ನಡೆಯುವ ವಿಠ್ಠಲಭಕ್ತರಾದ ವಾರಕರಿಗಳ ನೆನಪು. ಅವನ ಹೆಂಡತಿ ಸೋಯರಾಬಾಯಿ, ತಂಗಿ ನಿರ್ಮಳಾ, ಮಗ ಕರ್ಮಮೇಳ, ಭಾವಮೈದುನ ಬಂಕಾ ಎಲ್ಲರೂ ಅಭಂಗ ಕಟ್ಟಿದರು. ಒಂದಿಡೀ ಮನೆತನ ಕವಿಗಳ ಮನೆತನವಾದದ್ದು ಭಾರತೀಯ ಭಕ್ತಿಯ ಚರಿತ್ರೆಯಲ್ಲೇ ಅಪರೂಪ.

ಇವರಲ್ಲಿ ಸೋಯರಾಬಾಯಿಯ ಪ್ರಶ್ನೆ ಅತ್ಯಂತ ತೀಕ್ಷ್ಣ. ಮೈಲಿಗೆ ದೇಹದ್ದೆಂದರೆ ಆ ಮೈಲಿಗೆಯಿಲ್ಲದೆ ಹುಟ್ಟಿದ ದೇಹ ಯಾವುದು ಎಂದು ಆಕೆ ಕೇಳುತ್ತಾಳೆ. ಹೆರಿಗೆಯ ರಕ್ತ, ಮುಟ್ಟಿನ ರಕ್ತ ಎಲ್ಲ ತಾಯಂದಿರದೂ ಒಂದೇ. ಆದ್ದರಿಂದ ಜಾತಿಯ ಮಡಿ ಹುಸಿ ಎಂಬುದು ಆಕೆಯ ವಾದದ ಸಾರ. ದಲಿತಳಾಗಿ, ಹೆಣ್ಣಾಗಿ ತನ್ನ ಮೈಯನ್ನೇ ಪುರಾವೆಯಾಗಿ ಮುಂದಿಟ್ಟು ಆಡಿದ ಮಾತು ಅದು. ಪಂಢರಪುರದ ಗುಡಿಯ ಬಾಗಿಲು ದಲಿತರಿಗೆ ತೆರೆದದ್ದು 1947ರ ಮೇ ತಿಂಗಳಲ್ಲಿ ಸಾನೇ ಗುರೂಜಿ ಉಪವಾಸ ಕೂತಾಗ. ಸೋಯರಾಬಾಯಿಯ ಪ್ರಶ್ನೆಗೆ ಬಾಗಿಲು ತೆರೆಯಲು ಆರು ಶತಮಾನ ಹಿಡಿಯಿತು.

15ನೆಯ ಶತಮಾನದಲ್ಲಿ ಅದೇ ಮಂಗಳವೇಢೆಯ ಶ್ಯಾಮಾ ಎಂಬ ಗಣಿಕೆಯ ಮಗಳಾಗಿ ಕಾನ್ಹೋಪಾತ್ರಾ ಹುಟ್ಟಿದಳು. ತಾಯಿಯ ವೃತ್ತಿ ಮಗಳಿಗೂ ಬರಬೇಕೆಂಬುದು ಅಂದಿನ ನಡೆ. ಹಾಡು, ಕುಣಿತ ಕಲಿತ ಚೆಲುವೆ ಅದನ್ನು ಒಪ್ಪದೆ ಪಂಢರಪುರಕ್ಕೆ ಹೋಗುತ್ತಿದ್ದ ವಾರಕರಿಗಳ ದಿಂಡಿಯನ್ನು, ಅಂದರೆ ಯಾತ್ರೆಯ ತಂಡವನ್ನು, ಸೇರಿದಳು. ಬೀದರದ ಬಾದಶಹನಿಗೆ ಅವಳ ಸುದ್ದಿ ಮುಟ್ಟಿ, ಅವಳನ್ನು ಹಿಡಿದು ತರಲು ಆಳುಗಳು ಬಂದರು. ಅವಳು ವಿಠ್ಠಲನ ಗರ್ಭಗುಡಿಯಲ್ಲಿಯೇ ಪ್ರಾಣಬಿಟ್ಟಳು ಎಂದು ಕಥೆ. 18ನೆಯ ಶತಮಾನದ ಮಹಿಪತಿ ‘ಭಕ್ತವಿಜಯ’ದಲ್ಲಿ ಇದನ್ನು ಹೇಳಿದ್ದಾನೆ. ಅವಳ ಹೆಸರಿನ ಸುಮಾರು 30 ಅಭಂಗಗಳು ಉಳಿದಿವೆ. ತನ್ನ ಮೈಯನ್ನು ಕಾಡುಮೃಗಗಳ ಬಾಯಿಗೆ ಬಿಡಬೇಡವೆಂದು ದೇವರಿಗೆ ಮೊರೆಯಿಡುವ ಅವಳ ದನಿಯಲ್ಲಿ ಭಕ್ತಿ ಎಷ್ಟಿದೆಯೋ ಭಯವೂ ಅಷ್ಟೇ ಇದೆ. ವಾರಕರಿ ಸಂತರ ಸಾಲಿನಲ್ಲಿ ಗುರುವಿಲ್ಲದೆ, ಗಂಡನಿಲ್ಲದೆ, ಮನೆತನದ ಹೆಸರಿಲ್ಲದೆ ತನ್ನ ಬಲದಿಂದಲೇ ನಿಂತವಳು ಕಾನ್ಹೋಪಾತ್ರಾ. ಗುಡಿಯ ಆವರಣದಲ್ಲಿ ಅವಳ ನೆನಪಿನ ಮರಕ್ಕೆ ಜನ ಇಂದಿಗೂ ಕೈಮುಗಿಯುತ್ತಾರೆ. 1931ರಲ್ಲಿ ಹೆಣ್ಣುಪಾತ್ರಗಳಿಗೆ ಹೆಸರಾದ ನಟ ಬಾಲಗಂಧರ್ವರು ‘ಸಂಗೀತ ಕಾನ್ಹೋಪಾತ್ರಾ’ ನಾಟಕದಲ್ಲಿ ಅವಳ ಪಾತ್ರ ವಹಿಸಿದರು. ಗಂಡುಕವಿಗಳು ಹೆಣ್ಣಿನ ದನಿಯಲ್ಲಿ ದೇವರನ್ನು ಗಂಡನೆಂದು ಕರೆದು ಹಾಡಿದ ಪದ್ಯಗಳು ಭಕ್ತಿಕಾವ್ಯದಲ್ಲಿ ಹೇರಳ. ಕಾನ್ಹೋಪಾತ್ರಾಳಿಗೆ ಅಂಥ ವೇಷ ಬೇಕಿರಲಿಲ್ಲ. ಅವಳ ಪದ್ಯದಲ್ಲಿನ ಅಪಾಯ ಅವಳ ಮನೆಯ ಬಾಗಿಲಿಗೇ ಬಂದಿತ್ತು.

ಕನ್ನಡದ ವಿಠ್ಠಲ

ಮರಾಠಿ ಸಂತರು ಹಾಡಿದ ವಿಠ್ಠಲ ಕನ್ನಡಕ್ಕೂ ಸೇರಿದವನು. ಹೊಯ್ಸಳ ಸೋಮೇಶ್ವರ 1237ರಲ್ಲಿ ಪಂಡರಗೆಯ, ಅಂದರೆ ಪಂಢರಪುರದ, ವಿಠ್ಠಲನಿಗೆ ಊರೊಂದನ್ನು ದತ್ತಿಬಿಟ್ಟ ಶಾಸನ ಪಂಢರಪುರದಲ್ಲಿದೆ. ಮರಾಠಿ ಸಂತ ಜ್ಞಾನದೇವನ ಹೆಸರಿನ ಪ್ರಸಿದ್ಧ ಅಭಂಗವೊಂದು ವಿಠ್ಠಲನನ್ನು ಕನ್ನಡಿಗನೆಂದೇ ಕರೆಯುತ್ತದೆ. ಕನ್ನಡದ ಹರಿದಾಸರಲ್ಲಿ ಪುರಂದರದಾಸ, ವಿಜಯದಾಸ, ಜಗನ್ನಾಥದಾಸರ ಅಂಕಿತಗಳು ವಿಠಲ ಎಂದೇ ಮುಗಿಯುತ್ತವೆ.

ಆಷಾಢ, ಕಾರ್ತಿಕ ಏಕಾದಶಿಗಳಿಗೆ ಪಂಢರಪುರಕ್ಕೆ ಹೊರಡುವ ದಿಂಡಿಗಳು ಉತ್ತರ ಕರ್ನಾಟಕದಿಂದಲೂ ಬರುತ್ತವೆ. ಕನ್ನಡದ ಹಳ್ಳಿಯ ವಾರಕರಿ ಮನೆಯಲ್ಲಿ ಕನ್ನಡ ಆಡಿ ದಾರಿಯಲ್ಲಿ ಮರಾಠಿ ಅಭಂಗ ಹಾಡುತ್ತಾನೆ. ಅವನಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಕವಿತೆ ಈ ಸೀಮೆಯಲ್ಲಿ ಗಡಿ ದಾಟಿದ್ದು ಹೆಚ್ಚಾಗಿ ಕಾಲುನಡಿಗೆಯಲ್ಲಿ.

ಬೀಸುವ ಕಲ್ಲಿನ ಎರಡು ಹಾಡು

ಗಡಿನಾಡಿನ ಅತಿ ದೊಡ್ಡ ವಲಸೆ ಮದುವೆಯದು. ಬರಗಾಲದಲ್ಲಿ ಕೂಲಿಗೆ ಹೋದವರನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಇಂಡಿಯ ಕಡೆಯಿಂದ ಮಂಗಳವೇಢೆಗೆ, ಅಫಜಲಪುರದ ಕಡೆಯಿಂದ ಅಕ್ಕಲಕೋಟೆಗೆ, ಅಲ್ಲಿಂದ ಇಲ್ಲಿಗೆ ಸೊಸೆಯರಾಗಿ ಬಂದ ಹೆಣ್ಣುಮಕ್ಕಳನ್ನು ಯಾವ ಚರಿತ್ರೆಯೂ ವಲಸೆಗಾರರೆಂದು ಬರೆದಿಲ್ಲ. ಕನ್ನಡದ ತವರಿನಿಂದ ಮರಾಠಿಯ ಅತ್ತೆಮನೆಗೆ ಬಂದವಳು ಹೊಸ ನುಡಿಯಲ್ಲಿ ನೀರು ಕೇಳಬೇಕು, ಮಗುವಿಗೆ ಜೋಗುಳ ಹಾಡಬೇಕು, ಬೈಗುಳಕ್ಕೆ ಉತ್ತರ ಕೊಡಬೇಕು.

ಅವಳ ಕಾವ್ಯ ಬೀಸುವ ಕಲ್ಲಿನ ಮುಂದೆ ಹುಟ್ಟಿತು. ಕನ್ನಡದಲ್ಲಿ ಅದು ತ್ರಿಪದಿ, ಮರಾಠಿಯಲ್ಲಿ ಓವಿ. ತ್ರಿಪದಿಗೆ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಮಾತನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ದಾಟುತ್ತಾರೆ. ಕಲ್ಲು ಒಂದು ಸುತ್ತು ತಿರುಗಿ ಬರುವ ಹೊತ್ತಿಗೆ ಹಾಡೂ ಒಂದು ಸುತ್ತು ಬರುತ್ತದೆ. ಓವಿಯ ನಡೆಯೂ ಕಲ್ಲಿನ ತಿರುವಿಗೇ ಹೊಂದಿದ್ದು. ಎರಡರಲ್ಲಿಯೂ ತವರಿನ ಹಂಬಲ, ಅಣ್ಣನ ದಾರಿ ಕಾಯುವುದು, ಅತ್ತೆಯ ಕಾಟ, ಗಂಡನ ಒಲವು, ಬಸಿರು ಬಾಣಂತನ ಬರುತ್ತವೆ. ಪಂಢರಪುರದ ವಿಠ್ಠಲ ಅನೇಕ ಓವಿಗಳಲ್ಲಿ ಹೆಣ್ಣಿಗೆ ತವರಿನವನಾಗುತ್ತಾನೆ. ಶ್ರೀಶೈಲದ ಮಲ್ಲಯ್ಯ ತ್ರಿಪದಿಗಳಲ್ಲಿ ಅದೇ ಕೆಲಸ ಮಾಡುತ್ತಾನೆ. ಬರೆಯಲು ಬಾರದ ಹೆಂಗಸರು ಎರಡು ನುಡಿಗಳ ನಡುವೆ ಸಾಗಿಸಿದ ಈ ಸರಕು ಪಂಡಿತರ ಅನುವಾದಗಳಿಗಿಂತ ಹಿರಿದು, ಹಳೆಯದು ಕೂಡ.

ರಾಮಜೋಶಿಯ ಡಫು

18ನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದ ವೈದಿಕ ಮನೆತನದಲ್ಲಿ ಹುಟ್ಟಿದ ರಾಮಜೋಶಿ ಮರಾಠಿ ಲಾವಣಿಯ ದೊಡ್ಡ ಶಾಹೀರ, ಅಂದರೆ ಹಾಡುಗಾರ ಕವಿ. ಪುರಾಣ ಹೇಳುವ ಮನೆಯ ಹುಡುಗ ಹಾಡು ಕುಣಿತದ ತಮಾಶಾದ ಬಯಲಿಗೆ ಇಳಿದ. ಕೆಳಜಾತಿಯ ಶಾಹೀರರ ಜೊತೆ ಡಫು ಹಿಡಿದು ಹಾಡಿದ. ಪುರಾಣಿಕನಾದ ಅಣ್ಣ ಮುದ್ಗಲ ಜೋಶಿ ಇದನ್ನು ಸಹಿಸದೆ ಹೊರಹಾಕಿದಾಗ ರಾಮಜೋಶಿ ಪಂಢರಪುರಕ್ಕೆ ಹೋಗಿ ಸಂಸ್ಕೃತ ಓದಿದ. ಆದರೂ ಲಾವಣಿ ಬಿಡಲಿಲ್ಲ. ಹೆಣ್ಣುಗಂಡಿನ ಪ್ರೇಮ, ವಿರಹ, ಮುನಿಸು, ಮೈಯ ಚೆಲುವು ಅವನ ಲಾವಣಿಗಳಲ್ಲಿ ಬಿಚ್ಚುಮಾತಿನಲ್ಲಿ ಬಂದವು. ಮರಾಠಿ, ಸಂಸ್ಕೃತ, ಕನ್ನಡ, ಹಿಂದುಸ್ತಾನಿಗಳನ್ನು ಒಂದೇ ಹಾಡಿನಲ್ಲಿ ಹೆಣೆದ ರಚನೆಗಳೂ ಅವನ ಹೆಸರಿನಲ್ಲಿವೆ. ನಾಲ್ಕು ನುಡಿಯ ಹಾಡಿಗೆ ನಾಲ್ಕು ನುಡಿ ತಿಳಿದ ಕೇಳುಗರು ಬೇಕು. ಸೊಲ್ಲಾಪುರದಲ್ಲಿ ಅಂಥವರು ಇದ್ದರು. ಕವಿ ಮೋರೋಪಂತರ ಒಡನಾಟದಿಂದ ಅವನು ಕೊನೆಗಾಲದಲ್ಲಿ ಕೀರ್ತನೆಯ ಕಡೆ ತಿರುಗಿದ, 1812ರ ಸುಮಾರಿಗೆ ತೀರಿಕೊಂಡ. 1947ರಲ್ಲಿ ಬಂದ ‘ಲೋಕಶಾಹೀರ ರಾಮಜೋಶಿ’ ಚಲನಚಿತ್ರ ಅವನ ಹೆಸರನ್ನು ಮತ್ತೆ ಮನೆಮಾತಾಗಿಸಿತು.

ಗಿರಣಿಯ ಪಟ್ಟಣ

1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. 1877ರಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಹತ್ತಿಯ ಗಿರಣಿ ತೆರೆಯಿತು. ಜನ ಅದನ್ನು ಜುನಿ ಗಿರಣಿ, ಅಂದರೆ ಹಳೆಯ ಗಿರಣಿ, ಎಂದು ಕರೆದರು. ತೆಲಂಗಾಣದ ಪದ್ಮಶಾಲಿ ನೇಕಾರರು, ಅಕ್ಕಲಕೋಟೆ ಇಂಡಿ ಸೀಮೆಯ ಕನ್ನಡದ ಒಕ್ಕಲು ಮಕ್ಕಳು, ಬರ ಬಿದ್ದ ಮರಾಠಿ ಹಳ್ಳಿಗಳ ಕೂಲಿಗಳು ಗಿರಣಿಯ ಭೋಂಗಾದ ಕೂಗಿಗೆ ಎದ್ದು ಬಂದು ನೆಲೆಸಿದರು. ಚಾದರ್‌ಗೆ ಹೆಸರಾದ ಪಟ್ಟಣ ಹೀಗೆ ವಲಸೆಗಾರರ ಕೈಯಲ್ಲಿ ಬೆಳೆಯಿತು. ತೆಲುಗು ಮನೆಗಳ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದರು.

1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿಗೆ ಈ ಪಟ್ಟಣ ದಂಗೆಯೆದ್ದಾಗ ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಗಲ್ಲಿಗೇರಿದರು. ನಾಲ್ವರ ಹೆಸರುಗಳೇ ಊರಿನ ಜನಸಮುದಾಯಗಳ ಪಟ್ಟಿಯಂತಿವೆ.

ಬೇಂದ್ರೆಯವರ ಹನ್ನೆರಡು ವರ್ಷ

1944ರಲ್ಲಿ ದ.ರಾ. ಬೇಂದ್ರೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಕನ್ನಡ ಪ್ರಾಧ್ಯಾಪಕರಾಗಿ ಬಂದರು. ಧಾರವಾಡದ ಮರಾಠಿ ಮನೆಮಾತಿನ ಕುಟುಂಬದಲ್ಲಿ 1896ರಲ್ಲಿ ಹುಟ್ಟಿ ಕನ್ನಡದ ಮಹಾಕವಿಯಾದವರು ಅವರು. ರಾಷ್ಟ್ರೀಯ ಭಾವನೆಯ ಕವಿತೆಗಾಗಿ ಸೆರೆವಾಸ ಕಂಡು, ಕಾಯಂ ಕೆಲಸವಿಲ್ಲದೆ ಅಲೆದ ಮೇಲೆ ಸಿಕ್ಕ ನೆಲೆ ಸೊಲ್ಲಾಪುರ. 1956ರವರೆಗೆ ಅಲ್ಲಿದ್ದರು. ‘ಗಂಗಾವತರಣ’ ಸಂಕಲನ ಪ್ರಕಟವಾದದ್ದು ಈ ಅವಧಿಯಲ್ಲಿ, 1951ರಲ್ಲಿ.

ಮರಾಠಿ ಪಟ್ಟಣವೆಂದು ಹೆಸರಾದ ಊರಿನಲ್ಲಿ ಮರಾಠಿ ತಾಯ್ನುಡಿಯ ಕವಿ ಕನ್ನಡ ಕಲಿಸಿದ್ದು ಈ ಸೀಮೆಗೆ ತಕ್ಕ ಸಂಗತಿ. ಬೇಂದ್ರೆ ಮರಾಠಿಯಲ್ಲಿಯೂ ಬರೆದರು. ಅವರ ‘ಸಂವಾದ’ ಕೃತಿಗೆ ಕೇಳಕರ ಪ್ರಶಸ್ತಿ ಬಂತು. ವಿಠ್ಠಲ ಸಂಪ್ರದಾಯವನ್ನು ಕುರಿತು ಅವರು ಎರಡು ನುಡಿಗಳ ಕೊಂಡಿಯನ್ನು ಹುಡುಕಿ ಬರೆದರು. ಧಾರವಾಡದ ಶಂ.ಬಾ. ಜೋಶಿ ‘ಮರ್‍ಹಾಟಿ ಸಂಸ್ಕೃತಿ’ ಎಂಬ ಮರಾಠಿ ಗ್ರಂಥದಲ್ಲಿ ಕನ್ನಡ ಮರಾಠಿಗಳ ಬೇರು ಒಂದಕ್ಕೊಂದು ಹೆಣೆದುಕೊಂಡದ್ದನ್ನು ವಾದಿಸಿದ್ದೂ ಇದೇ ಕಾಲಕ್ಕೆ. ತಾಯ್ನುಡಿಯೊಂದು, ಕಾವ್ಯದ ನುಡಿ ಇನ್ನೊಂದು ಆದರೆ ಕವಿ ಬಡವಾಗುವುದಿಲ್ಲ ಎಂಬುದಕ್ಕೆ ಬೇಂದ್ರೆಯವರಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಗಡಿ ಬಂದದ್ದು

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಬಂದವು. ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆಯೊಂದಿಗೆ ಮುಂಬಯಿಯಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಗಡಿಯ ತಕರಾರನ್ನು ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆ ತಾಲ್ಲೂಕು, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ತಾಲ್ಲೂಕುಗಳ ಹಲವು ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ಶಿಫಾರಸು ಜಾರಿಗೆ ಬರಲಿಲ್ಲ.

ಜನ ಕದಲದಿದ್ದರೂ ಗಡಿ ಅವರ ಮೇಲೆ ಹಾದುಹೋಗುವುದು ಬೇರೆ ದೇಶಗಳಲ್ಲಿಯೂ ನಡೆದಿದೆ. ಮೆಕ್ಸಿಕೊ ಯುದ್ಧದಲ್ಲಿ ಸೋತು 1848ರ ಒಪ್ಪಂದದಲ್ಲಿ ತನ್ನ ಉತ್ತರದ ವಿಶಾಲ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಸ್ಪ್ಯಾನಿಷ್ ನುಡಿಯ ಜನ ಇದ್ದಲ್ಲೇ ಪರದೇಶದವರಾದರು. ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ 1942ರಲ್ಲಿ ಹುಟ್ಟಿದ ಗ್ಲೋರಿಯಾ ಅನ್ಸಾಲ್ದುವಾ ಆ ನೋವನ್ನು ಕಾವ್ಯವಾಗಿಸಿದವರು. 1987ರ ‘ಬಾರ್ಡರ್‌ಲ್ಯಾಂಡ್ಸ್ / ಲಾ ಫ್ರೊಂತೇರಾ’ ಕೃತಿಯಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಒಂದೇ ಪುಟದಲ್ಲಿ, ಒಂದೇ ಪದ್ಯದಲ್ಲಿ ಬೆರೆಯುತ್ತವೆ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಿಕ್ಷೆ ಅನುಭವಿಸಿದ್ದನ್ನು ಆಕೆ ಬರೆದರು. ಹೆಣ್ಣನ್ನು ಪ್ರೀತಿಸುವ ಹೆಣ್ಣಾಗಿ ತನ್ನವರ ನಡುವೆಯೂ ಹೊರಗಿನವಳಾದದ್ದನ್ನು ಮುಚ್ಚಿಡದೆ ಹೇಳಿದರು. ಗಡಿ ನೆಲದ ಮೇಲಿರುವಂತೆ ಮನಸ್ಸಿನಲ್ಲಿಯೂ ಮೈಯಲ್ಲಿಯೂ ಇರುತ್ತದೆ ಎಂಬುದು ಅವರ ಮುಖ್ಯ ಕಾಣ್ಕೆ. 2004ರಲ್ಲಿ ಅವರು ತೀರಿಕೊಂಡರು.

ಸೊಲ್ಲಾಪುರ ಸೀಮೆಯ ಕಾವ್ಯ ಬೇರೆ ಹಾದಿ ಹಿಡಿಯಿತು. ಹೆಣ್ಣಿನ ಬಯಕೆ ಮತ್ತು ಭಯಗಳನ್ನು ಇಲ್ಲಿ ಭಕ್ತಿಯ ಭಾಷೆ, ಲಾವಣಿಯ ಭಾಷೆ, ಬೀಸುವ ಹಾಡಿನ ಭಾಷೆ ಹೊತ್ತವು. ಅನ್ಸಾಲ್ದುವಾ ತನ್ನ ಹೆಸರು ಹಿಡಿದು ಹೇಳಿಕೊಂಡದ್ದನ್ನು ಕಾನ್ಹೋಪಾತ್ರಾ ದೇವರ ಹೆಸರು ಹಿಡಿದು ಹೇಳಿದಳು. ಮೈ ತನ್ನದು ಎಂಬ ಪಟ್ಟು ಇಬ್ಬರದೂ ಒಂದೇ.

ಜಯದೇವಿತಾಯಿ ಲಿಗಾಡೆ

ಈ ಪರಂಪರೆಯ ಎಲ್ಲ ಎಳೆಗಳೂ ಬಂದು ಸೇರುವುದು ಜಯದೇವಿತಾಯಿ ಲಿಗಾಡೆಯವರಲ್ಲಿ. 1912ರ ಜೂನ್ 23ರಂದು ಸೊಲ್ಲಾಪುರದ ಮಡಕಿ ಮನೆತನದಲ್ಲಿ ಹುಟ್ಟಿದರು. ಮನೆಯಲ್ಲಿ ಶರಣರ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡದ ಓದು ಬರಹವನ್ನು ವಚನಗಳ ಬೆನ್ನುಹತ್ತಿ ತಾವೇ ಸಾಧಿಸಿಕೊಂಡರು. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಲಿಗಾಡೆ ಮನೆ ಸೇರಿದರು. ಗಂಡನನ್ನು ಕಳೆದುಕೊಂಡ ಮೇಲೆ ಮನೆಯ ಮೂಲೆ ಹಿಡಿಯದೆ ಸಾರ್ವಜನಿಕ ಬದುಕಿಗೆ ಬಂದರು. ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳಿಗಾಗಿ, ಕರ್ನಾಟಕದ ಏಕೀಕರಣಕ್ಕಾಗಿ ದುಡಿದರು. ಕನ್ನಡ ಸಾಹಿತ್ಯ ಸಮ್ಮೇಳನ 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿಯೇ ನಡೆದಿತ್ತು. ಆರು ವರ್ಷಗಳ ನಂತರ ಅದೇ ಊರು ಕರ್ನಾಟಕದ ಹೊರಗೆ ಉಳಿದದ್ದು ಅಲ್ಲಿನ ಕನ್ನಡಿಗರಿಗೆ ಮಾಯದ ಗಾಯವಾಯಿತು.

‘ಜಯಗೀತ’, ‘ತಾಯಿಯ ಪದಗಳು’, ‘ತಾರಕ ತಂಬೂರಿ’ ಅವರ ಕನ್ನಡ ಕೃತಿಗಳಲ್ಲಿ ಕೆಲವು. ಎಲ್ಲಕ್ಕೂ ಹಿರಿದು ‘ಶ್ರೀ ಸಿದ್ಧರಾಮ ಪುರಾಣ’. ರಾಘವಾಂಕ ಷಟ್ಪದಿಯಲ್ಲಿ ಬರೆದ ಕಥೆಯನ್ನು ಅವರು ನಾಲ್ಕು ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳಲ್ಲಿ ಹೇಳಿದರು. ಪಂಡಿತರ ಛಂದಸ್ಸನ್ನು ಬಿಟ್ಟು ಬೀಸುವ ಕಲ್ಲಿನ ಛಂದಸ್ಸನ್ನು ಆರಿಸಿಕೊಂಡದ್ದು ದೊಡ್ಡ ನಿರ್ಧಾರ. ಊರಿನ ಹೆಂಗಸರ ಹಾಡಿನ ಧಾಟಿ ಊರದೇವರ ಮಹಾಕಾವ್ಯಕ್ಕೆ ಸಾಕು ಎಂಬುದನ್ನು ಅವರು ಬರೆದೇ ತೋರಿಸಿದರು. ಅವರ ತ್ರಿಪದಿಯಲ್ಲಿ ಸುಗ್ಗವ್ವೆಯ ತಾಯ್ತನಕ್ಕೆ ಹೆಣ್ಣಿನ ಕಣ್ಣಿನ ಒತ್ತು ಸಿಕ್ಕಿದೆ.

ಮರಾಠಿಯನ್ನು ಅವರು ಹಗೆ ಎಂದು ಬಗೆಯಲಿಲ್ಲ. ಬಸವಣ್ಣನ ವಚನಗಳನ್ನು, ಸಿದ್ಧರಾಮನ ರಚನೆಗಳನ್ನು, ಶೂನ್ಯಸಂಪಾದನೆಯನ್ನು ಮರಾಠಿಗೆ ತಂದರು. ನೆರೆಯವರಿಗೆ ಕನ್ನಡ ಕಲಿಯಿರಿ ಎನ್ನುವ ಬದಲು ಕನ್ನಡದ ಉತ್ತಮವಾದದ್ದನ್ನು ಅವರ ನುಡಿಯಲ್ಲೇ ಅವರ ಮನೆಗೆ ಒಯ್ದರು. ನಾಡಿಗಾಗಿ ಹೋರಾಡುತ್ತಲೇ ನುಡಿಗಳ ನಡುವೆ ಸೇತುವೆ ಕಟ್ಟಿದ್ದು ಅವರ ವ್ಯಕ್ತಿತ್ವದ ಹಿರಿಮೆ.

1974ರಲ್ಲಿ ಮಂಡ್ಯದಲ್ಲಿ ನಡೆದ 48ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಅಧ್ಯಕ್ಷರಾದರು. 1915ರಲ್ಲಿ ಆರಂಭವಾದ ಸಮ್ಮೇಳನಕ್ಕೆ ಹೆಣ್ಣೊಬ್ಬಳು ಅಧ್ಯಕ್ಷಳಾದದ್ದು ಅದೇ ಮೊದಲು. ಆ ಮೊದಲ ಮಹಿಳೆ ಬೆಂಗಳೂರು, ಮೈಸೂರುಗಳಿಂದ ಬರಲಿಲ್ಲ, ಕರ್ನಾಟಕದ ಹೊರಗೆ ಉಳಿದ ಸೊಲ್ಲಾಪುರದಿಂದ ಬಂದರು. ಎರಡನೆಯ ಮಹಿಳೆಗಾಗಿ ಕನ್ನಡ ನಾಡು 2000ದ ಬಾಗಲಕೋಟೆ ಸಮ್ಮೇಳನದವರೆಗೆ, ಶಾಂತಾದೇವಿ ಮಾಳವಾಡರವರೆಗೆ ಕಾಯಿತು. ಬಾಳಿನ ಕೊನೆಯ ಭಾಗವನ್ನು ಬಸವಕಲ್ಯಾಣದಲ್ಲಿ ಕಳೆದ ಜಯದೇವಿತಾಯಿ 1986ರಲ್ಲಿ ನಿಧನರಾದರು. ಸಿದ್ಧರಾಮ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ನಡೆದ ದಾರಿಯನ್ನೇ ಅವನ ಪುರಾಣ ಬರೆದ ಕವಯಿತ್ರಿಯೂ ನಡೆದರು.

ಉಳಿದಿರುವ ಕೆಲಸ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ನಡೆಯುತ್ತಿವೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಆ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಮುದ್ರಿಸುತ್ತದೆ. ಆ ಶಾಲೆಗಳಲ್ಲಿ ಓದುವ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕಲಿತು ಎರಡನ್ನೂ ಸಮನಾಗಿ ಬಳಸುತ್ತದೆ. ಜಯದೇವಿತಾಯಿ ಬೆಳೆದದ್ದು ಇಂಥ ವಾತಾವರಣದಲ್ಲಿ, ರಾಮಜೋಶಿಯ ಕೇಳುಗರು ಬಂದದ್ದು ಇಂಥ ಮನೆಗಳಿಂದ.

ಸಾಹಿತ್ಯ ಚರಿತ್ರೆಗಳು ಮಾತ್ರ ಈ ಸೀಮೆಯನ್ನು ಎರಡಾಗಿ ಸೀಳಿವೆ. ಕನ್ನಡದ ಚರಿತ್ರೆ ಸಿದ್ಧರಾಮನನ್ನು ಎತ್ತಿಕೊಂಡು ಕಾನ್ಹೋಪಾತ್ರಾಳನ್ನು ಬಿಟ್ಟಿದೆ. ಮರಾಠಿಯ ಚರಿತ್ರೆ ಚೋಖಾಮೇಳನನ್ನು ಹಾಡಿ ಜಯದೇವಿತಾಯಿಯವರ ಮರಾಠಿ ಅನುವಾದಗಳನ್ನು ಮರೆತಿದೆ. ಒಂದೇ ನದಿಯ ದಂಡೆಯಲ್ಲಿ, ಒಂದೇ ಬಗೆಯ ಬವಣೆಯಲ್ಲಿ ಹುಟ್ಟಿದ ಕಾವ್ಯವನ್ನು ಅರ್ಧರ್ಧ ಓದಿದರೆ ಅರ್ಥವೂ ಅರ್ಧವೇ ದಕ್ಕುತ್ತದೆ. ಸೋಯರಾಬಾಯಿ, ಕಾನ್ಹೋಪಾತ್ರಾ, ಬೀಸುವ ಕಲ್ಲಿನ ಹೆಸರಿಲ್ಲದ ಸೊಸೆಯರು, ಜಯದೇವಿತಾಯಿ ಇವರೆಲ್ಲ ಒಂದೇ ಪುಸ್ತಕದಲ್ಲಿ ಬರುವಂಥ ಚರಿತ್ರೆಯನ್ನು ಕನ್ನಡ ಮತ್ತು ಮರಾಠಿ ವಿದ್ವಾಂಸರು ಕೂಡಿ ಬರೆಯಬೇಕು. ಅದನ್ನು ಎರಡೂ ನುಡಿಗಳಲ್ಲಿ ಅಚ್ಚುಹಾಕಿ ಅಕ್ಕಲಕೋಟೆಯ ಕನ್ನಡ ಶಾಲೆಗೂ ನಂದೇಶ್ವರದ ಮರಾಠಿ ಶಾಲೆಗೂ ಮುಟ್ಟಿಸಬೇಕು.